ಎದುರುಬದುರು ಕುರ್ಚಿಗಳು

ಪ್ರೊಫೆಸರ್ ಸತ್ತು ಬಿದ್ದಿದ್ದನ್ನು ಮೊದಲು ನೋಡಿದವಳು ಕಸ ಗುಡಿಸುವಾಕೆ. ಅವಳು ಕಿರುಚಲಿಲ್ಲ. ಪೊರಕೆಯನ್ನು ಗೋಡೆಗೊರಗಿಸಿ, ಕಾರಿಡಾರಿನಲ್ಲಿ ನೆಲದ ಮೇಲೆ ಕೂತುಬಿಟ್ಟಳು.

ಇನ್ಸ್‌ಪೆಕ್ಟರ್ ಬಂದಾಗಲೂ ಅಲ್ಲೇ ಇದ್ದಳು. "ಒಳ್ಳೆಯವರು ಕಣಮ್ಮಾ. ಪಾಪ, ಒಂಟಿ ಜೀವ."

ಇನ್ಸ್‌ಪೆಕ್ಟರ್ ತಲೆಯಾಡಿಸಿ ಒಳಗೆ ಹೋದಳು. ಐವತ್ತು ದಾಟಿದ ಅವಳೂ ಒಂಟಿಯೇ.

ಸಣ್ಣ ಕೋಣೆ. ಒಂದು ಕಿಟಕಿ, ಒಂದು ಮೇಜು, ಕಬ್ಬಿಣದ ಬೀರು. ಬೀರುವಿನ ಮೂಲೆಗೆ ರಕ್ತ ಒಣಗಿತ್ತು. ಮೇಜಿನ ಆಚೆಗೊಂದು ಈಚೆಗೊಂದು ಮಡಚುವ ಕುರ್ಚಿ ಬಿಚ್ಚಿಟ್ಟಿತ್ತು. ಎರಡು ಲೋಟ ಚಹಾ. ಯಾರೂ ಕುಡಿದಿರಲಿಲ್ಲ. ಮಾತು ದಾಖಲಿಸುವ ರೆಕಾರ್ಡರ್ ಮಾತ್ರ ಇರಲಿಲ್ಲ.

ಬೇರೆ ದೇಶಗಳಿಂದ ವಲಸೆ ಬಂದ ಹುಡುಗರನ್ನು ಪ್ರೊಫೆಸರ್ ಇಲ್ಲಿ ಮಾತಾಡಿಸುತ್ತಿದ್ದಳು. ಭಯೋತ್ಪಾದಕರ ಬಲೆಗೆ ಒಬ್ಬ ಬೀಳುತ್ತಾನೆ, ಅಂಥದೇ ಕಷ್ಟ ಕಂಡ ಇನ್ನೊಬ್ಬ ಬೀಳುವುದಿಲ್ಲ. ಯಾಕೆ? ಅದು ಅವಳ ಅಧ್ಯಯನ.

"ಕೇಸ್ ಮುಗಿದ ಹಾಗೇ ಮೇಡಂ," ಸಬ್ ಇನ್ಸ್‌ಪೆಕ್ಟರ್ ಹುರುಪಿನಲ್ಲಿದ್ದ. "ನಿನ್ನೆ ಮಧ್ಯಾಹ್ನ ಬೇಕರಿ ಹುಡುಗ ಬಂದಿದ್ದ. ಓಡಿಹೋಗಿದ್ದನ್ನ ವಾಚ್‌ಮನ್ ನೋಡಿದಾನೆ. ಹಿಡ್ಕೊಂಡು ಬಂದಿದೀವಿ. ಶಂಕಿತ ಅಂತ ಬರೆದುಕೊಟ್ರೆ ಸಾಕು, ವಲಸೆ ಇಲಾಖೆಯವರು ಸಂಜೆನೇ ವಾಪಸ್ ಕಳಿಸ್ತಾರೆ."

"ಎಲ್ಲಿಗೆ?"

"ಅವನ ಊರಿಗೆ."

"ಅವನ ಊರು ಇನ್ನೂ ಇದೆಯೇನ್ರಿ?"

ಸಬ್ ಇನ್ಸ್‌ಪೆಕ್ಟರ್ ಕತ್ತು ಕೆರೆದುಕೊಂಡ.

* * *

ಹುಡುಗನ ಮುಂಗೈ ಮೇಲೆ ಹಿಟ್ಟು ಒಣಗಿತ್ತು.

"ಯಾಕೆ ಓಡಿದೆ?"

"ಬಾಗಿಲು ತಟ್ಟಿದೆ, ತೆಗೀಲಿಲ್ಲ. ಬಸ್ ಬರ್ತಿತ್ತು, ಓಡಿದೆ. ನೀವೂ ಬಸ್ಸಿಗೆ ಓಡ್ತೀರಿ, ಆದ್ರೆ ಯಾರೂ ಬರ್ಕೊಳಲ್ಲ."

ಇನ್ಸ್‌ಪೆಕ್ಟರ್‌ಗೆ ನಗು ಬಂತು. ಕುರ್ಚಿ ಎಳೆದು ಅವನೆದುರು ಕೂತಳು. ಹುಡುಗ ಗೋಡೆ ಕಡೆ ತಿರುಗಿದ.

"ಏನಾಯ್ತೋ?"

"ಸ್ವಲ್ಪ ಪಕ್ಕಕ್ಕೆ ಬರ್ತೀರಾ ಅಮ್ಮಾ? ಗಡಿಗಳಲ್ಲೆಲ್ಲ ವಿಚಾರಣೆ ಮಾಡೋರು ಎದುರಿಗೆ ಕೂತೇ ಹೊಡೆದದ್ದು. ಪ್ರೊಫೆಸರಮ್ಮ ಪಕ್ಕದಲ್ಲಿ ಕೂರೋರು. ಇಬ್ಬರೂ ಕಿಟಕಿ ನೋಡ್ಕೊಂಡು ಮಾತಾಡ್ತಿದ್ವಿ."

"ಯಾವಾಗಲೂ ಹಾಗೇನಾ?"

"ನಮ್ಮೋರೆಲ್ಲರ ಜೊತೆನೂ."

ಅವಳು ಎದ್ದು ಕುರ್ಚಿಯನ್ನು ಪಕ್ಕಕ್ಕೆ ಹಾಕಿಕೊಂಡಳು.

* * *

ಅಧ್ಯಯನ ಕೇಂದ್ರದ ನಿರ್ದೇಶಕ ಮೊದಲೇ ಬೆವೆತಿದ್ದ.

"ಪ್ರೊಫೆಸರ್ ಜೊತೆ ಜಗಳ ಆಗಿತ್ತು, ಸುಳ್ಳು ಹೇಳಲ್ಲ. ಹುಡುಗರ ವಿಳಾಸ ಹೊರಗೆ ಸೋರ್ತಿದೆ ಅಂತ ನನ್ನ ಮೇಲೆ ಅನುಮಾನ ಪಟ್ಟಳು. ಒಬ್ಬನ ಮನೆಗೆ ಯಾರೋ ಬೆಂಕಿ ಹಚ್ಚೋಕೆ ಹೋಗಿದ್ರು."

"ಆ ಕೋಣೇಲಿ ಕುರ್ಚಿ ಹೇಗೆ ಹಾಕ್ತಿದ್ರು?"

"ಅಯ್ಯೋ, ಅದೊಂದು ಹುಚ್ಚು! ಮಡಚಿ ಗೋಡೆಗೆ ಒರಗಿಸಿರ್ತಾಳೆ, ಜನ ಬಂದ್ರೆ ಕಿಟಕಿ ಕಡೆಗೆ ಪಕ್ಕಪಕ್ಕ ಹಾಕ್ತಾಳೆ. ನನ್ನನ್ನೂ ಹಾಗೇ ಕೂರಿಸಿ ಬೈದಳು. ಕತ್ತು ಉಳುಕಿತು."

"ವಿಳಾಸ ಇನ್ಯಾರಿಗೆ ಗೊತ್ತಿತ್ತು?"

"ನಮ್ಮಿಬ್ಬರನ್ನ ಬಿಟ್ರೆ, ರೆಕಾರ್ಡಿಂಗ್ ಕೇಳಿ ಟೈಪ್ ಮಾಡೋ ಹೆಂಗಸಿಗೆ. ಮನೆಯಿಂದಲೇ ಕೆಲಸ. ನಾನು ಮುಖ ಕೂಡ ನೋಡಿಲ್ಲ."

* * *

ಟೈಪಿಸ್ಟ್‌ಗೆ ನಲವತ್ತೈದರ ಆಸುಪಾಸು. ಒಂದೇ ಕೋಣೆಯ ಮನೆ. ಮೇಜಿನ ಮೇಲೆ ಸ್ಪಂಜು ಸವೆದ ಹೆಡ್‌ಫೋನ್. ತೊಳೆದು ಕವುಚಿಟ್ಟದ್ದು ಒಂದೇ ತಟ್ಟೆ. ಇನ್ಸ್‌ಪೆಕ್ಟರ್ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಆ ಬೇಕರಿ ಹುಡುಗಾನೇ ಮೇಡಂ. ಎಲ್ಲಾ ಸುಟ್ಟುಹಾಕ್ಬೇಕು ಅನ್ಸುತ್ತೆ ಅಂದಿದ್ದನ್ನ ನಾನೇ ಟೈಪ್ ಮಾಡಿದೀನಿ. ಅವರ ಎದುರಿಗೇ ಕೂತ್ಕೊಂಡು, ಮುಖಕ್ಕೆ ಮುಖ ಕೊಟ್ಟು ಹೇಳ್ತಾನೆ. ಎಷ್ಟು ಸೊಕ್ಕು!"

"ಎದುರಿಗೆ ಕೂತಿದ್ದು ನೀವು ನೋಡಿದ್ರಾ?"

"ಇಲ್ಲಪ್ಪ. ಮಾತಾಡೋರು ಇನ್ನೆಲ್ಲಿ ಕೂರ್ತಾರೆ?"

"ಆ ಕೋಣೇಲಿ ಯಾರೂ ಎದುರಿಗೆ ಕೂರ್ತಿರಲಿಲ್ಲ. ಹುಡುಗನಿಗೂ ಗೊತ್ತು, ನಿರ್ದೇಶಕರಿಗೂ ಗೊತ್ತು. ಅವರಲ್ಲಿ ಯಾರೇ ಆಗಿದ್ರೂ ಕುರ್ಚಿ ಪಕ್ಕಪಕ್ಕ ಇರ್ತಿತ್ತು. ಹೊರಗಿನ ಕಳ್ಳ ಆಗಿದ್ರೆ ಎರಡು ಲೋಟ ಚಹಾ ಬಗ್ಗಿಸಿಡ್ತಾ ಕೂರ್ತಿರಲಿಲ್ಲ. ಅಲ್ಲಿ ಆಡಿದ ಒಂದೊಂದು ಮಾತೂ ಗೊತ್ತಿದ್ದು, ಕೂರೋ ರೀತಿ ಮಾತ್ರ ಗೊತ್ತಿಲ್ಲದೇ ಇರೋರು ಒಬ್ಬರೇ. ದನಿ ಮಾತ್ರ ಕೇಳಿದವರು."

ಟೈಪಿಸ್ಟ್ ಡ್ರಾಯರ್ ಎಳೆದು ರೆಕಾರ್ಡರನ್ನು ಮೇಜಿನ ಮೇಲಿಟ್ಟಳು.

"ಅವರ ದನಿ ಇದೆ ಇದರಲ್ಲಿ. ಬಿಸಾಡೋಕೆ ಮನಸ್ಸು ಬರಲಿಲ್ಲ."

ಆಮೇಲೆ ಮಾತು ತಾನಾಗಿ ಬಂತು.

"ಆ ಹುಡುಗರನ್ನ ಎಷ್ಟು ಮೆತ್ತಗೆ ಕೇಳೋರು ಗೊತ್ತಾ, ರಾತ್ರಿ ನಿದ್ದೆ ಬರುತ್ತಾ, ಯಾರಾದ್ರೂ ಜೊತೆಗಿದ್ದಾರಾ ಅಂತ. ಟೈಪ್ ಮಾಡ್ತಾ ನಾನೂ ಉತ್ತರ ಕೊಡ್ತಿದ್ದೆ, ಗೋಡೆಗೆ. ನನಗೆ ಬರ್ತಿದ್ದದ್ದು ಫೈಲ್ ತಲುಪಿತು ಅಂತ ಒಂದು ಸಾಲು. ಫೋನಿನಲ್ಲಿ ಒಂದು ಗುಂಪು ಸಿಕ್ತು. ಅಕ್ಕ ಅಂದ್ರು. ಜ್ವರ ಬಂದಾಗ ಮಾತ್ರೆ ತಗೊಂಡ್ರಾ ಅಂತ ಕೇಳಿದ್ರು. ವಲಸೆ ಬಂದೋರನ್ನ ಓಡಿಸ್ಬೇಕು ಅನ್ನೋ ಮಾತು ಆಮೇಲೆ ಬಂತು. ಅಷ್ಟು ಹೊತ್ತಿಗೆ ನಾನು ಅವರವಳಾಗಿಬಿಟ್ಟಿದ್ದೆ. ವಿಳಾಸ ಕೇಳಿದ್ರು. ಕೊಟ್ಟೆ."

"ನಿನ್ನೆ ಏನಾಯ್ತು?"

"ಪ್ರೊಫೆಸರ್ ಮೊದಲ ಸಲ ಕರೆಸಿದ್ರು. ಒಳ್ಳೆ ಬಟ್ಟೆ ಹಾಕ್ಕೊಂಡು ಹೋದೆ. ನಿಲ್ಲಿಸ್ಕೊಂಡೇ ಕೇಳಿದ್ರು, ವಿಳಾಸ ಯಾರಿಗೆ ಕೊಟ್ಟೆ ಅಂತ. ಕೂತ್ಕೋ ಅನ್ನೋ ಒಂದು ಮಾತಿಲ್ಲ ಮೇಡಂ. ತಳ್ಳಿಬಿಟ್ಟೆ." ಹೆಡ್‌ಫೋನನ್ನು ಪಕ್ಕಕ್ಕೆ ಸರಿಸಿಟ್ಟಳು. "ಮಧ್ಯಾಹ್ನ ಹುಡುಗ ಬರೋದಿದೆ ಅಂತ ಹಿಂದಿನ ರೆಕಾರ್ಡಿಂಗಿನಲ್ಲಿ ಕೇಳಿದ್ದೆ. ಅವನೇ ಬಂದು ಕೂತಿದ್ದ ಅನ್ನೋ ಹಾಗೆ ಕುರ್ಚಿ ಹಾಕಿದೆ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದೆ."

ಎಲ್ಲರ ಒಂಟಿತನವನ್ನು ಅಳೆದ ಪ್ರೊಫೆಸರ್ ಇವಳದನ್ನು ಕೇಳಲೇ ಇಲ್ಲವಲ್ಲ ಎಂದುಕೊಂಡಳು ಇನ್ಸ್‌ಪೆಕ್ಟರ್.

* * *

ಸಂಜೆ ವಲಸೆ ಇಲಾಖೆಯ ವ್ಯಾನು ಬಂದು ಖಾಲಿ ಹೋಯಿತು. ಹುಡುಗ ಬೇಕರಿಗೆ ಹೊರಟ. ಸಬ್ ಇನ್ಸ್‌ಪೆಕ್ಟರ್ ತಾನೇ ಬೈಕಿನಲ್ಲಿ ಕರೆದೊಯ್ದ, ಮುಖ ಉಬ್ಬಿಸಿಕೊಂಡು.

ಠಾಣೆಯಲ್ಲಿ ಇಬ್ಬರು ಹೆಂಗಸರು ಉಳಿದರು.

"ಫೋನ್ ಒಂದು ಸಲ ಕೊಡ್ತೀರಾ ಮೇಡಂ? ನಾನು ಕಾಣದಿದ್ರೆ ಗುಂಪಿನೋರು ಗಾಬರಿಯಾಗ್ತಾರೆ."

ಇನ್ಸ್‌ಪೆಕ್ಟರ್ ಆ ಫೋನನ್ನು ಆಗಲೇ ನೋಡಿದ್ದಳು. ಚಾರ್ಜ್ ಇಲ್ಲ ಎಂದು ಹೇಳಿಬಿಡಬಹುದಿತ್ತು.

"ಗುಂಪಿನಿಂದ ನಿಮ್ಮನ್ನ ತೆಗೆದುಹಾಕಿದ್ದಾರೆ. ಸುದ್ದಿ ಹೊರಬಿದ್ದ ಕೂಡಲೇ."

"ತಂಗಿ ಅಂತ ಒಬ್ಬಳಿದ್ದಳು. ಅವಳು?"

"ಯಾರಿಂದಲೂ ಮೆಸೇಜ್ ಇಲ್ಲ."

ಟೈಪಿಸ್ಟ್ ಕಿಟಕಿಯಾಚೆಯ ಕತ್ತಲು ನೋಡಿದಳು. ಆಮೇಲೆ ಕೇಳಿದಳು, "ಹೊತ್ತಾಯ್ತು. ನೀವು ಮನೆಗೆ ಹೋಗಲ್ವಾ?"

"ಹೋಗ್ಬೇಕು," ಅಂದಳು ಇನ್ಸ್‌ಪೆಕ್ಟರ್. ಏಳಲಿಲ್ಲ.