ಕಡಗದಿಂದ ತೆಗೆದ ಬಿಡುವು

ಗದಗಿನ ಹತ್ತಿರದ ಒಂದು ಮಠದಲ್ಲಿ ಮಧ್ಯಾಹ್ನದ ದಾಸೋಹ ನಡೆದಿತ್ತು. ಅನ್ನದಾನಿ ಪಂಕ್ತಿಗೆ ಸಾರು ಬಡಿಸುತ್ತ ಬರುತ್ತಿದ್ದಾಗ ಕೈಯ ಕಡಗ ಮಿಡಿಯಿತು. ಬಕೇಟು ಕೆಳಗಿಟ್ಟು ಅಂಗೈ ಬಿಚ್ಚಿದ. ಕಡಗದ ಬೆಳಕು ಅಂಗೈ ಮೇಲೆ ಒಂದು ಚಿತ್ರ ಮೂಡಿಸಿತು. ಗುಡ್ಡದ ಗಾಳಿಯಂತ್ರದ ಕೆಲಸಕ್ಕೆ ಹೋಗಿದ್ದ ತಮ್ಮ ಸೋಮಲಿಂಗ, ಕಂಬದ ಬುಡದಲ್ಲಿ ಬಿದ್ದಿದ್ದ. ಜೊತೆಗಾರನೊಬ್ಬ ಕಳಿಸಿದ್ದ ಚಿತ್ರ. ಜೀವ ಹೋಗಿದೆ ಎಂದು ಯಾರೂ ಹೇಳಬೇಕಿರಲಿಲ್ಲ.

ಅದೇ ಸಾಲಿನಲ್ಲಿ ಅವ್ವ ಶಿವಗಂಗವ್ವ ಹುಗ್ಗಿಗೆ ತುಪ್ಪ ಕಲಸುತ್ತ ಕೂತಿದ್ದಳು. ಕೈಯಲ್ಲಿ ತುತ್ತಿರುವಾಗ ಸಾವು ಹೇಳಬಾರದು ಎಂಬುದು ಆ ಸೀಮೆಯ ನಡೆ. ಸುದ್ದಿ ತಂದವನು ಹೊಸ್ತಿಲ ಹೊರಗೇ ನಿಂತು ಮಳೆ ಬೆಳೆಯ ಮಾತಾಡುತ್ತಾನೆ. ಒಳಗಿನವರು ಉಂಡು ಕೈತೊಳೆದ ಮೇಲೆಯೇ ಬಾಯಿ ಬಿಡುತ್ತಾನೆ. ಅವ್ವ ಉಣ್ಣಲಿ ಎಂದುಕೊಂಡು ಅನ್ನದಾನಿ ಅಂಗೈ ಮುಚ್ಚಿ, ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ.

ಅಷ್ಟರಲ್ಲಿ ಅವ್ವನ ಕಡಗ ಮಿಡಿಯಿತು. ಎಡಗೈ ಬಿಚ್ಚಿ ನೋಡಿದಳು. ಬಲಗೈಯ ತುತ್ತು ಎಲೆಗೆ ಬಿತ್ತು. ಚಿತ್ರದ ಕೆಳಗೆ ಕಳಿಸಿದವನ ಹೆಸರಿತ್ತು, ಅನ್ನದಾನಿ ಎಂದು.

ಆ ಕಾಲಕ್ಕೆ ಯಾವುದನ್ನಾದರೂ ಹಂಚಲು ಗುಂಡಿ ಒತ್ತಬೇಕಿರಲಿಲ್ಲ. ಬೆರಳು ಅಲುಗುವ ಮುಂಚೆ ಮಿದುಳಿನ ಆಜ್ಞೆ ಸಣ್ಣ ವಿದ್ಯುತ್ತಾಗಿ ನರದಲ್ಲಿ ಹರಿದು ಮಣಿಕಟ್ಟು ದಾಟುತ್ತದೆ. ಕಡಗ ಅದನ್ನು ಅಲ್ಲೇ ಹಿಡಿದು ಸುದ್ದಿಯನ್ನು ತನ್ನವರ ಕಡಗಗಳಿಗೆ ಅಟ್ಟುತ್ತಿತ್ತು. ಇದನ್ನು ಕಂಡುಹಿಡಿದವರು ಧಾರವಾಡದ ಡಾ. ನೀಲಾಂಬಿಕಾ ಹೂಗಾರ. ಕೈ ಮುಂದೆ ಚಾಚುವಾಗಲೂ ಹಿಂದೆ ಸೆಳೆಯುವಾಗಲೂ ಆ ವಿದ್ಯುತ್ತಿನ ಮೊದಲ ಅಲೆ ಒಂದೇ ಬಗೆಯದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು ಕಾದು, ಎರಡನೆಯ ಅಲೆಯನ್ನೂ ನೋಡಿ ನಿರ್ಧರಿಸುವಂತೆ ಕಡಗವನ್ನು ರೂಪಿಸಿದ್ದರು. ಮನಸ್ಸಿಗೂ ಕೈಗೂ ನಡುವೆ ದೇವರು ಇಟ್ಟ ಬಿಡುವನ್ನು ಯಂತ್ರವೂ ಉಳಿಸಿಕೊಳ್ಳಲಿ ಎಂಬುದು ಅವರ ಆಸೆಯಾಗಿತ್ತು.

ಆದರೆ ಜಾಲತಾಣಗಳ ಪೈಪೋಟಿ ಜೋರಾಗಿತ್ತು. ನೀಲಾಂಬಿಕಾ ಅವರ ಕಂಪನಿಯ ತಾಣ ‘ಅಗಸಿ’. ಎದುರಾಳಿ ‘ಓಣಿ’ ಕಾಯುವಿಕೆಯೇ ಇಲ್ಲದ ಕಡಗ ತಂದಿತು. ಸುದ್ದಿ ಯಾರಲ್ಲಿ ಮೊದಲು ಮುಟ್ಟುತ್ತದೋ ಜನ ಅತ್ತ ವಾಲಿದರು. ಬಿಡುವನ್ನು ತೆಗೆಯಿರಿ ಎಂದಿತು ಅಗಸಿ. ನೀಲಾಂಬಿಕಾ ಒಂದು ವಾರ ಗೊಣಗಿದರು. ಆಮೇಲೆ ತೆಗೆದರು. ದಾಸೋಹದ ಆ ದಿನದ ಹೊತ್ತಿಗೆ ಕಡಗ ಮೊದಲ ಅಲೆಗೇ ಸುದ್ದಿ ಕಳಿಸುತ್ತಿತ್ತು.

ಇತ್ತ ಶಿವಗಂಗವ್ವ ಮಗನೊಂದಿಗೆ ಮಾತು ಬಿಟ್ಟಳು. ಅವನು ಬಡಿಸಿದ್ದನ್ನು ಮುಟ್ಟಲಿಲ್ಲ. ನೆರೆಯವರು ಬುದ್ಧಿ ಹೇಳಿದರೆ, “ಮನಸ್ಸು ಬಯಸಿದ್ದನ್ನಷ್ಟ ಕಡಗ ಕಳಸತೈತಂತ ಅವರ ಜಾಹೀರಾತಿನ್ಯಾಗ ಹೇಳ್ತಾರಲ್ಲ? ಅವ್ವ ಉಣ್ಣೂ ಹೊತ್ತಿನ್ಯಾಗ ಇವನ ಮನಸ್ಸು ಅದನ್ನ ಬಯಸಿತು,” ಎನ್ನುತ್ತಿದ್ದಳು.

ಅನ್ನದಾನಿ ಧಾರವಾಡಕ್ಕೆ ಹೋದ. ಅಗಸಿಯ ಕಚೇರಿ ಹೊರಗಿನ ಬೆಂಚಿನ ಮೇಲೆ ಕೂತು ಕಾದು, ಕಡೆಗೂ ನೀಲಾಂಬಿಕಾ ಅವರ ಎದುರು ನಿಂತ.

“ಅಕ್ಕಾರ, ನಾ ಕಳಿಸಿದೆನೋ ಇಲ್ಲೋ, ಅದೊಂದು ಹೇಳ್ರಿ. ನನಗೂ ಈಗೀಗ ಸಂಶೆ ಬರಾಕ ಹತ್ತೇತಿ.”

“ಆಗ ಕೈ ಏನು ಮಾಡಿದಿ?”

“ಹಿಂದಕ್ಕ ಎಳಕೊಂಡೆ.”

ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ಕಂಪನಿಯ ವಕೀಲರು ಮೊದಲೇ ಕಲಿಸಿದ್ದರು. ಆ ಮಾತು ನಾಲಿಗೆಯವರೆಗೆ ಬಂದು ನಿಂತಿತು.

“ನೀ ಕಳಿಸಿಲ್ಲಪ್ಪ,” ಎಂದರು.

“ನನಗ ಹೇಳಿ ಏನು ಬಂತ್ರೀ? ನಮ್ಮವ್ವಗ ಹೇಳ್ರಿ.”

ನೀಲಾಂಬಿಕಾ ಊರಿಗೆ ಬಂದಾಗ ಶಿವಗಂಗವ್ವ ಮನೆ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೆಲಸ ನಿಲ್ಲಿಸಲಿಲ್ಲ.

“ಕಡಗ ಮಾಡಿದಾಕಿ ನಾನ ಯವ್ವಾ,” ಎಂದು ನೀಲಾಂಬಿಕಾ ಶುರುಮಾಡಿದರು. “ನಿಮ್ಮ ಮಗ ಕೈ ಹಿಂದಕ್ಕ ತಗೊಂಡಿದ್ದ. ನನ್ನ ಕಡಗ ಅದನ್ನ ಕಳಿಸು ಅಂತ ತಿಳೀತು.”

“ಮನಸ್ಸಿನ್ಯಾಗಿದ್ದದ್ದಷ್ಟ ಹೋಗತೈತಿ ಅಂತ ಹೇಳಾವ್ರು ನೀವ ಅಲ್ಲೇನು?”

“ಅದು ಸುಳ್ಳು. ಹಿಂಗಾಗತೈತಿ ಅಂತ ನನಗ ಗೊತ್ತಿತ್ತು.”

ಮೊರ ನಿಂತಿತು. “ಗೊತ್ತಿದ್ದೂ ಮಾಡಿದ್ಯಾ?”

“ಓಣಿಯವರು ನಮಗಿಂತ ಮುಂದ ಹೊಂಟಿದ್ರು ಯವ್ವಾ.”

“ಮುಂದ ಅಂದ್ರ ಎಲ್ಲಿಗೆ?”

ಅದುವರೆಗೆ ಯಾವ ಸಭೆಯಲ್ಲೂ ಯಾರೂ ಅದನ್ನು ಕೇಳಿರಲಿಲ್ಲ. ನೀಲಾಂಬಿಕಾ ಅವರ ಮುಖಕ್ಕೆ ರಕ್ತ ಏರಿತು. ತಲೆ ಎತ್ತಲಾಗಲಿಲ್ಲ.

ಶಿವಗಂಗವ್ವ ಒಳಗಿನ ಕತ್ತಲಿಗೆ ಕೂಗಿದಳು. “ಅನ್ನೂ, ಕಂಬದ ಹಿಂದ ಯಾಕ ನಿಂತೀಯೋ ಕಳ್ಳನಂಗ? ರೊಟ್ಟಿ ಇದ್ರ ಹಾಕ್ಕೊಂಡು ಬಾ.”

ಅವನು ತಾಟು ತಂದಿಟ್ಟ. ಅವಳು ರೊಟ್ಟಿ ಮುರಿದು, ಪಲ್ಯಕ್ಕೆ ಒತ್ತಿ, ಮಗನ ಮುಖ ನೋಡುತ್ತ ಬಾಯಿಗಿಟ್ಟಳು. “ಉಪ್ಪು ಜಾಸ್ತಿ ಹಾಕೀ, ಹುಚ್ಚಪ್ಪ,” ಎಂದಳು. ಅನ್ನದಾನಿ ಗೋಡೆಗೆ ಮುಖ ಮಾಡಿ ಅತ್ತ.

“ಆ ಬಿಡುವನ್ನ ಮತ್ತ ಕೂಡಸ್ತೀನಿ ಯವ್ವಾ,” ಎಂದರು ನೀಲಾಂಬಿಕಾ. “ಕಂಪನಿಯವರು ಒಪ್ಪದಿದ್ರ ಕೆಲಸ ಬಿಡ್ತೀನಿ.”

ಅವಳು ಇನ್ನೊಂದು ತುತ್ತು ಮುಗಿಸಿದಳು. “ನಾ ಹರೇದಾಗಿದ್ದಾಗ ಕಡಗ ಇರಲಿಲ್ಲ. ಮೊಬೈಲ್ ಇತ್ತು. ಬೆರಳಿಂದ ಒತ್ತಬೇಕಿತ್ತು. ಆಗ ಬಿಡುವು ಇತ್ತಲ್ಲ?”

“ಇತ್ತು. ಬೇಕಾದಷ್ಟಿತ್ತು.”

“ಹಂಗಾರ ಆಗ ಹೆಣದ ಫೋಟೊ, ಮಂದಿ ಮಾನ ತಗಿಯೂ ಮಾತು, ಇಂಥಾವು ಯಾರೂ ಕಳಸತಿರಲಿಲ್ಲೇನು?”

ಇಲ್ಲ, ಯಾರೂ ಕಳಿಸುತ್ತಿರಲಿಲ್ಲ ಎನ್ನಲು ನೀಲಾಂಬಿಕಾ ಅವರಿಗೆ ಬಹಳ ಆಸೆಯಾಯಿತು.

“ಕಳಸತಿದ್ರು ಯವ್ವಾ.”

“ಬಿಡುವಿದ್ದೂ?”

“ಬಿಡುವಿದ್ದೂ.”

ಶಿವಗಂಗವ್ವ ಖಾಲಿ ತಾಟನ್ನು ಪಕ್ಕಕ್ಕೆ ಸರಿಸಿದಳು.

“ಪಾಪ,” ಎಂದಳು. “ತಪ್ಪು ಹೊರಸಾಕ ಆಗಿನ ಮಂದಿಗೆ ಕಡಗಾನೂ ಇರಲಿಲ್ಲ.”