ಮೂರು ಪೆಟ್ಟಿಗೆಯ ಸಮಾಧಾನ

ಇಂಗ್ಲಿಷಿನ 'ಕಂಫರ್ಟ್', ಅಂದರೆ ಸಮಾಧಾನ, ಎಂಬ ಒಂದೇ ಮಾತಿನಿಂದ ಹುಟ್ಟುವ ನಾಮಪದ, ಕ್ರಿಯಾಪದ, ಗುಣವಾಚಕ ಎಂದು ಬಾಯಿಪಾಠ ಮಾಡಿ ಸಾಕಾಯಿತೇ ಮಕ್ಕಳಾ? ಪುಸ್ತಕ ಮುಚ್ಚಿ, ಕತೆ ಕೇಳಿ. ನಮ್ಮಜ್ಜನ ಅಜ್ಜನೂ ಹುಟ್ಟದಿದ್ದ ಕಾಲದಲ್ಲಿ ಬೆಳ್ವಕ್ಕಿ ಎಂಬ ರಾಜ್ಯವಿತ್ತು. ಅಲ್ಲಿನ ಸಮಾಧಾನವನ್ನು ಕರಿಮುಸುಕನೆಂಬ ಮಾಂತ್ರಿಕ ಒಂದು ದಿನ ಕದ್ದೊಯ್ದ. ಅದರ ಹೆಸರನ್ನು ಒಂದು ಪೆಟ್ಟಿಗೆಯಲ್ಲಿ, ಗುಣವನ್ನು ಇನ್ನೊಂದರಲ್ಲಿ, ಕೆಲಸವನ್ನು ಮತ್ತೊಂದರಲ್ಲಿಟ್ಟು ಬೀಗ ಜಡಿದ.

ಅದೇ ವಾರ ದೋಣಿ ನಡೆಸುವ ಸಿರಿಯವ್ವನ ಭಾವ ಹೊಳೆಪಾಲಾದ. ಅವನ ಹೆಂಡತಿ, ಸಿರಿಯವ್ವನ ಅಕ್ಕ ಬಾಳವ್ವ ಅಳಲಿಲ್ಲ, ಉಣ್ಣಲಿಲ್ಲ, ಗೋಡೆ ನೋಡುತ್ತ ಕೂತಳು. ಊರವರು ಬಂದರು, ಬಾಯಿ ತೆರೆದರು, ಏನೂ ತೋಚದೆ ಎದ್ದುಹೋದರು. ಏಳನೆಯ ದಿನ ಅಕ್ಕನ ಉಸಿರು ಸಣ್ಣಗಾಯಿತು. ಸಿರಿಯವ್ವ ಸೆರಗು ಬಿಗಿದು, ಕದ್ದದ್ದನ್ನು ಮರಳಿ ತರಲು ಮಾಂತ್ರಿಕನ ಬೆಟ್ಟ ಹತ್ತಿದಳು.

ಮೊದಲ ಪೆಟ್ಟಿಗೆಯ ಮುಂದೆ ಕಲ್ಲಿನ ಹುಲಿ. "ಏನು ಬೇಕು?"

"ಅದರ ಹೆಸರೇ ಮರೆತಿದೆ ಹುಲಿಯಣ್ಣಾ. ಅದಿಲ್ಲದೆ ನಮ್ಮಕ್ಕ ಸಾಯುತ್ತಿದ್ದಾಳೆ."

ಹುಲಿಯ ಕಲ್ಲುಗಣ್ಣಲ್ಲಿ ನೀರು ಬಂತು. ಪೆಟ್ಟಿಗೆ ತಾನಾಗಿ ತೆರೆಯಿತು. "ಸಮಾಧಾನ!" ಎಂದಳು ಸಿರಿಯವ್ವ.

ಎರಡನೆಯದರ ಮುಂದೆ ಆನೆಗಾತ್ರದ ಮುಳ್ಳುಹಂದಿ. ಅದರ ಮುಳ್ಳೇ ಅದರ ಪಾದಕ್ಕೆ ನೆಟ್ಟಿತ್ತು. "ಊರಿಗೆಲ್ಲ ಚುಚ್ಚುವವನಿಗೆ ಇದೇನಪ್ಪಾ ಗತಿ!" ಎಂದು ನಗುತ್ತಲೇ ಕಿತ್ತಳು. ಎರಡನೆಯ ಪೆಟ್ಟಿಗೆಯೂ ತೆರೆಯಿತು. ಒಳಗಿದ್ದ ಗುಣ ಬಂದು ಅವಳ ದನಿ ತಾನಾಗಿ ಮೆತ್ತಗಾಯಿತು.

ಮೂರನೆಯದನ್ನು ಕರಿಮುಸುಕ ತಾನೇ ಎದೆಗವಚಿ ಕೂತಿದ್ದ. "ಹತ್ತಿರ ಬಂದರೆ ಕಲ್ಲಾಗುತ್ತೀ!" ಎಂದು ಮಂತ್ರ ಹಾಕಿದ. ಅವಳ ಕಾಲು ಮಂಡಿಯವರೆಗೆ ಕಲ್ಲಾಯಿತು. ಆಗ ಅವಳು ಅವನ ಮುಖ ನೋಡಿದಳು, ಅತ್ತು ಅತ್ತು ಊದಿಕೊಂಡಿತ್ತು.

"ಅಣ್ಣಾ, ಯಾರು ತೀರಿಹೋದರು?"

ಮಾಂತ್ರಿಕ ಪೆಟ್ಟಿಗೆಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. "ಅವ್ವ. ಮಾಂತ್ರಿಕನ ಮನೆಯೆಂದು ಹೆದರಿ ಒಂದು ನರಪಿಳ್ಳೆಯೂ ಬರಲಿಲ್ಲ. ಅದಕ್ಕೇ ಎಲ್ಲರ ಸಮಾಧಾನವನ್ನೂ ಕದ್ದೆ. ಆದರೆ ನನಗೇ ದಕ್ಕಲಿಲ್ಲ ತಾಯಿ."

"ದಕ್ಕುವುದು ಹೇಗೆ? ತನ್ನ ಬೆನ್ನನ್ನು ತಾನೇ ಸವರಿಕೊಳ್ಳಲು ಆಗುತ್ತದೆಯೇ? ಪೆಟ್ಟಿಗೆ ತೆಗಿ. ನನ್ನ ಕೈಗೆ ಆ ಕೆಲಸ ಮರೆತುಹೋಗಿದೆ."

"ತೆಗೆದರೆ ನೀನು ಓಡಿಹೋಗುತ್ತೀ."

"ಹೋಗಬೇಕು. ಅಲ್ಲಿ ಅಕ್ಕನ ಜೀವ ಹೋಗುತ್ತಿದೆ. ಆದರೂ ನೀನು ಅತ್ತು ಮುಗಿಸುವ ತನಕ ಕೂರುತ್ತೇನೆ."

ಅವನು ಬೀಗ ತೆಗೆದ. ಮಂತ್ರ ಕಳಚಿತು, ಅವಳ ಕಾಲು ಮೊದಲಿನಂತಾಯಿತು. ಓಡಬಹುದಿತ್ತು. ಆದರೂ ಕೂತಳು. ಕೈಗೆ ಕೆಲಸ ನೆನಪಾಗಿ ಅವನ ಬೆನ್ನು ಸವರಿದಳು. ಕರಿಮುಸುಕ ಮಗುವಿನಂತೆ "ಅವ್ವಾ" ಎಂದು ಗೋಳಾಡಿದ. ಅತ್ತು ಹಗುರಾದ ಮೇಲೆ ತನ್ನ ಹಾರುವ ಕಂಬಳಿಯ ಮೇಲೆ ಅವಳನ್ನು ಕೂರಿಸಿಕೊಂಡು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಊರು ಮುಟ್ಟಿಸಿದ.

ಸಿರಿಯವ್ವ ಅಕ್ಕನನ್ನು ತಬ್ಬಿ ಬೆನ್ನು ಸವರಿದಳು. ಆಮೇಲೆ ಬಾಳವ್ವ ಬಾಯಿಬಿಟ್ಟು ಅತ್ತಳು, ಓಣಿಯೆಲ್ಲ ಕೇಳುವಂತೆ ಅತ್ತಳು. ಅತ್ತು, ಗಂಜಿ ಕೇಳಿ ಕುಡಿದಳು. ಅಬ್ಬಾ, ಬದುಕಿದಳು!

ಊರವರು ಬಾಗಿಲಲ್ಲಿ ನಿಂತ ಕರಿಮುಸುಕನನ್ನು ಕಂಡು ದೊಣ್ಣೆ ಎತ್ತಿದರು. ಅವನು ತಲೆ ತಗ್ಗಿಸಿದ. ಸಿರಿಯವ್ವ ಅಕ್ಕನ ಕಿವಿಯಲ್ಲಿ ನಡೆದದ್ದೆಲ್ಲ ಹೇಳಿದಳು. ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಚಾಪೆಯ ಮೇಲೆ ಪಕ್ಕಕ್ಕೆ ಸರಿದಳು.

"ದೊಣ್ಣೆ ಇಳಿಸಿರಿ. ಒಳಗೆ ಬಾ ತಮ್ಮಾ, ಇಲ್ಲಿ ಕೂತುಕೋ," ಎಂದಳು. "ನಿಮ್ಮವ್ವನ ಹೆಸರೇನು? ಹೇಗಿದ್ದಳು, ಹೇಳು."