ಹಿತ್ತಾಳೆಯ ಮೇಲೆ ಒಂದು ಬೆರಳು

"ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ಡಿಫೆನ್ಸ್ ಕೆಲಸ ಕೊಟ್ರೆ ಇನ್ನೇನಾಗುತ್ತೆ? ಗುಟ್ಕಾ ಉಜ್ಜಿದ ಕೈಯಲ್ಲೇ ಮುಟ್ಟಿದ್ದಾನೆ. ನೋಡಿ, ಎಲ್ಲರೂ ಬಂದು ನೋಡಿ!"

ಪ್ರಾಜೆಕ್ಟಿನ ಮುಖ್ಯಸ್ಥ ಡಾಕ್ಟರ್ ಶಿವಮೂರ್ತಿ ಚೆಂಡಿನಂಥ ಆ ಹಿತ್ತಾಳೆಯ ಗುಂಡನ್ನು ಎತ್ತಿ ಹಿಡಿದರು. ಹೊಳೆಯುವ ಮೈಮೇಲೆ ಒಂದೇ ಒಂದು ಸುಟ್ಟ ಕಲೆ. ಬೆರಳಿನ ಗೆರೆಗಳೂ ಕಾಣುತ್ತಿದ್ದವು.

ಹರಿಹರದ ಆಚೆ, ಮುಚ್ಚಿಹೋದ ಕಾರ್ಖಾನೆಯೊಂದರ ಗೋಡೆಯೊಳಗಿನ ಬಯಲು ಅದು. ಬೆಂಗಳೂರಿನಿಂದ ಬಂದ ರಕ್ಷಣಾ ಲ್ಯಾಬಿನವರು, ದಾವಣಗೆರೆಯ ಕಾಲೇಜಿನ ಹುಡುಗರು, ಗಾರ್ಡುಗಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಎರಡಾಳೆತ್ತರದ ಆಂಟೆನಾ ತಗಡಿನ ಕಹಳೆಯಂತೆ ಬಾಯಿ ತೆರೆದು ನಿಂತಿತ್ತು.

ಆಂಟೆನಾದ ಬೆನ್ನಿಗೆ ಲಕ್ಷಗಟ್ಟಲೆ ವೋಲ್ಟ್ ತುಂಬಿಕೊಳ್ಳುವ ಪೆಟ್ಟಿಗೆ. ಅದರೊಳಗೆ ಎದುರುಬದುರು ಕೂತ ಎರಡು ಹಿತ್ತಾಳೆ ಗುಂಡುಗಳ ನಡುವೆ ಒಂದು ಕಿಡಿ ಹಾರಬೇಕು. ರೆಪ್ಪೆ ಮುಚ್ಚುವಷ್ಟರಲ್ಲಿ ಕೋಟಿ ಸಲ ಹುಟ್ಟಿ ಸಾಯಬಹುದಾದಷ್ಟು ಚುರುಕು ಕಿಡಿ. ಅದರ ಹೊಡೆತ ಕಹಳೆಯಿಂದ ಹೊರಟು ಮೇಲೆ ಹಾರುವ ಡ್ರೋನಿನ ತಲೆ ಕೆಡಿಸಿ ಕೆಡವಬೇಕು. ನಾಳೆ ಗಡಿಯಲ್ಲಿ ಶತ್ರುವಿನ ಡ್ರೋನಿಗೂ ಹೀಗೇ ಆಗಬೇಕು.

ಆ ಗುಂಡುಗಳನ್ನು ಕನ್ನಡಿಯಂತೆ ಉಜ್ಜಿ ಕೊಡುವುದು ನನ್ನ ಕೆಲಸ. ಗೀರು ಇರಬಾರದು, ಬೆವರು ತಾಕಬಾರದು. ತಾಕಿದರೆ ಕಿಡಿ ಹೊತ್ತಿಗೆ ಮೊದಲೇ ಹಾರುತ್ತದೆ. ಅವತ್ತು ಹಾಗೇ ಹಾರಿ ಪೆಟ್ಟಿಗೆಯ ಮುಚ್ಚಳ ಬಿರಿದಿತ್ತು. ಡ್ರೋನ್ ಮಾತ್ರ ಹದ್ದಿನಂತೆ ಆರಾಮಾಗಿ ಸುತ್ತುತ್ತಿತ್ತು.

"ನಾನು ಗುಟ್ಕಾ ತಿನ್ನಲ್ರಿ ಸರ್," ಎಂದೆ.

"ಎದುರು ಮಾತು ಬೇರೆ! ಹೊರಗೆ ಕಳಿಸ್ರಿ ಇವನನ್ನ."

ನಮ್ಮ ಶಾಪಿನ ಮಾಲೀಕ ಮಾರಣ್ಣ ಕೈ ಮುಗಿದು ನಿಂತುಬಿಟ್ಟಿದ್ದ. ನಾನು ಅವನನ್ನೂ ನೋಡಲಿಲ್ಲ, ಶಿವಮೂರ್ತಿಯನ್ನೂ ನೋಡಲಿಲ್ಲ. ಸುಧಾಳನ್ನು ನೋಡಿದೆ. ಅವಳು ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಆ ಬೆರಳು ಅವಳದು.

* * *

ಸುಧಾ ಈ ಪ್ರಾಜೆಕ್ಟಿನಲ್ಲಿ ಪಿಎಚ್‌ಡಿ ಮಾಡುವವಳು. ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೋಹ ಉಜ್ಜಿ ಹೊಳಪು ಕೊಡುವ ನಮ್ಮ ಬಫಿಂಗ್ ಶಾಪಿಗೆ ಸರಸ್ವತಿ ನಗರದಿಂದ ಸ್ಕೂಟಿಯಲ್ಲಿ ಬರುತ್ತಿದ್ದಳು. ಮೊದಲ ದಿನವೇ ಜಗಳ.

"ದೂರ ನಿಂದರ್ರಿ ಮೇಡಂ. ಪಾಲಿಷ್ ಹಾರಿ ಡ್ರೆಸ್ ಹಸಿರಾಗ್ತೈತೆ."

"ನಿಮ್ಮ ಮುಖನೇ ಹಸಿರಾಗೈತೆ. ಮೊದ್ಲು ಅದನ್ನ ನೋಡ್ಕೊಳ್ರಿ."

ಮಾರಣ್ಣ ಬಿದ್ದು ಬಿದ್ದು ನಕ್ಕ. ನನಗೆ ಉರಿದುಹೋಯಿತು. ಮರುದಿನ ಮಾತ್ರ ನಮ್ಮೂರು ಮಾಯಕೊಂಡದಲ್ಲಿ ಬಸ್ಸು ಹತ್ತುವ ಮೊದಲು ಮುಖವನ್ನು ಎರಡು ಸಲ ತೊಳೆದುಕೊಂಡೆ.

ದಿನ ಹೋದಂತೆ ಮಾತಿನಿಂದ 'ರಿ' ಉದುರಿತು. ಬಿಳಿ ಕೈಗವಸು ಹಾಕಿಕೊಂಡು ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸುವಳು. ಗೀರು ಹುಡುಕುವ ಆ ಕಣ್ಣು ಒಮ್ಮೊಮ್ಮೆ ಗುಂಡು ಬಿಟ್ಟು ನನ್ನ ಮೇಲೆ ನಿಲ್ಲುತ್ತಿತ್ತು. ನಾನು ನೋಡಿದರೆ ಮತ್ತೆ ಗೀರು ಹುಡುಕುವಳು.

"ಸ್ಕೂಲ್ ಯಾಕ ಬಿಟ್ಟೆ?"

"ಮೇಷ್ಟ್ರು ಹೊಡೆದ್ರು. ನಾನೂ ಹೊಡೆದೆ."

"ಯಪ್ಪಾ! ನಂಗೂ ಹೊಡೀತೀಯಾ?"

"ನೀನೇನು ಮೇಷ್ಟ್ರಾ?"

ಟೆಸ್ಟಿನ ಹಿಂದಿನ ಸಂಜೆ ಕರೆಂಟು ಹೋಯಿತು. ಮೋಟಾರು ನಿಧಾನವಾಗಿ ಉಸಿರು ಬಿಟ್ಟು ನಿಂತಿತು. ಬಾಗಿಲಿನಿಂದ ಬಂದ ಹಳದಿ ಬೆಳಕಿನಲ್ಲಿ ಗುಂಡಿನ ಮೇಲೆ ಇಬ್ಬರ ಮುಖವೂ ಒಟ್ಟಿಗೆ ಕಂಡಿತು, ಸೊಟ್ಟಗೆ, ಕೆನ್ನೆಗೆ ಕೆನ್ನೆ ತಾಗಿದಂತೆ.

"ನನ್ನ ಮೂಗು ನೋಡು, ಆಲೂಗಡ್ಡೆ ಆಗೈತೆ," ಎಂದಳು.

"ಮೊದ್ಲಿಂದನೂ ಹಂಗೇ ಐತೆ."

"ಏಯ್!"

ಹೊಡೆಯಲು ಬಂದ ಕೈ ಗಾಳಿಯಲ್ಲೇ ನಿಂತಿತು. ಅವಳು ಕೈಗವಸು ತೆಗೆದಳು. ನನ್ನ ಕೆನ್ನೆಯ ಮೇಲಿನ ಹಸಿರು ಪಾಲಿಷನ್ನು ತೋರುಬೆರಳಿನಿಂದ ಮೆಲ್ಲಗೆ ಒರೆಸಿದಳು. ಅಷ್ಟು ದಿನದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಆಮೇಲೆ ಅದೇ ಬೆರಳನ್ನು ಹಿತ್ತಾಳೆಯಲ್ಲಿ ಕಾಣುತ್ತಿದ್ದ ನನ್ನ ಕೆನ್ನೆಯ ಮೇಲೂ ಇಟ್ಟಳು.

"ಇವನನ್ನೂ ಒಂಚೂರು ಒರೆಸ್ಬೇಕಲ್ಲ."

"ಸುಧಾ! ಬರಿಗೈ!"

"ಅಸಿಟೋನ್ ಹಾಕಿ ಒರೆಸೇ ಪ್ಯಾಕ್ ಮಾಡ್ತೀನಿ. ಪ್ಯಾಕಿಂಗ್ ನನ್ನ ಕೆಲ್ಸ ಅಲ್ವಾ? ನೀ ಹೆದರಬ್ಯಾಡ."

ಹೊರಗೆ ಲ್ಯಾಬಿನ ಜೀಪು ಹಾರ್ನ್ ಹೊಡೆಯಿತು. ಅವಳು ಗಡಿಬಿಡಿಯಲ್ಲಿ ಗುಂಡುಗಳನ್ನು ಡಬ್ಬಿಗೆ ಹಾಕಿ ಓಡಿದಳು. ಒರೆಸಿದಳೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಕೈ ನನ್ನ ಕೆನ್ನೆಯ ಮೇಲಿತ್ತು.

* * *

"ಆರ್ಡರ್ ಹೋದ್ರೆ ಹೋಗ್ಲಿ. ಕೈ ಯಾಕ ಹಾಕ್ದೆ?" ವಾಪಸು ಬರುವಾಗ ಟೆಂಪೋದಲ್ಲಿ ಮಾರಣ್ಣ ಕೇಳಿದ.

"ನಾನಲ್ಲ."

"ಮತ್ಯಾರು?"

ಮುಖ ಆಚೆ ತಿರುಗಿಸಿದೆ. ಬೆರಳಿನ ವಿಷಯ ಹೇಳಿದರೆ ಕೆನ್ನೆಯ ವಿಷಯವೂ ಹೇಳಬೇಕು. ಅದು ಟೆಂಪೋದಲ್ಲಿ ಹೇಳುವ ಮಾತಲ್ಲ. ಅದನ್ನು ನಾನು ಯಾರಿಗೂ ಕೊಡುವವನಲ್ಲ.

ಕರೂರಿಗೆಲ್ಲ ಸುದ್ದಿಯಾಯಿತು. ಚಹಾದಂಗಡಿಯಲ್ಲಿ ಪಕ್ಕದ ವೆಲ್ಡಿಂಗ್ ಶಾಪಿನವನು ಕೂಗಿದ, "ಏನಲೇ ಬಕ್ಕೇಶಿ, ಡ್ರೋನ್ ಬಿಟ್ಟು ಡಬ್ಬಿನೇ ಹಾರಿಸಿದ್ಯಂತೆ?" ನಾನು ಚಹಾದ ಲೋಟವನ್ನು ಅವನ ಕಾಲ ಬುಡಕ್ಕೇ ಎಸೆದೆ. ಸಿಟ್ಟು ಅವನ ಮೇಲಲ್ಲ, ಸುಧಾಳ ಮೇಲೂ ಪೂರ್ತಿ ಅಲ್ಲ. ಎಲ್ಲರ ಮುಂದೆ ಬಿದ್ದ ಮಾತು ಮೈಯಿಂದ ಇಳಿಯುತ್ತಿರಲಿಲ್ಲ.

ಆಮೇಲೊಂದು ಮಧ್ಯಾಹ್ನ ಅವಳು ಬಂದಳು. ಮಾರಣ್ಣ ಊಟಕ್ಕೆ ಹೋಗುವವರೆಗೂ ಹೊರಗೆ ಸ್ಕೂಟಿಯ ಹತ್ತಿರವೇ ನಿಂತಿದ್ದು, ಆಮೇಲೆ ಒಳಗೆ ಬಂದಳು.

"ಬಕ್ಕೇಶ್, ಸಾರಿ. ಅವತ್ತು ಒರೆಸೋದು ಮರೆತೆ. ಆ ಬೆರಳು ನಂದು."

"ನಂಗೆ ಗೊತ್ತೈತೆ. ಗೊತ್ತಿಲ್ದವರಿಗೆ ಹೇಳು, ಹೋಗು."

"ಹೇಳಿದ್ರೆ ಪ್ರಾಜೆಕ್ಟಿಂದ ತೆಗೀತಾರೋ. ನಾಲ್ಕು ವರ್ಷದ ಕೆಲ್ಸ."

"ಬೈಗುಳ ಎಲ್ಲಾರ ಮುಂದೆ. ಸಾರಿ ಮಾತ್ರ ಮೂಲ್ಯಾಗ?"

ಅವಳ ಕಣ್ಣು ತುಂಬಿದವು. ರೆಪ್ಪೆಯಲ್ಲಿ ನಿಂತ ನೀರು ಬೀಳಲಾರದೆ ನಡುಗುತ್ತಿತ್ತು. "ನೀನಂದ್ರೆ ನಂಗೆ ಜೀವ," ಎಂದಳು. "ಅದಕ್ಕೇ ಬಂದೀನಿ. ಇಲ್ಲಾಂದ್ರೆ ಯಾಕ ಬರ್ತಿದ್ದೆ?"

ಆ ಮಾತಿಗಾಗಿ ಎಷ್ಟು ಸಂಜೆ ಕಾದಿದ್ದೆ! ಅದು ಬಂದೇ ಬಿಟ್ಟಿತು, ಇಂಥ ಹೊತ್ತಿನಲ್ಲಿ. ಅವಳನ್ನು ಹತ್ತಿರ ಎಳೆದುಕೊಳ್ಳಬೇಕೆನಿಸಿತು. ಕೈಯನ್ನು ಮುಷ್ಟಿ ಮಾಡಿ ಜೇಬಿಗೆ ಹಾಕಿಕೊಂಡೆ.

ಅವಳ ಬ್ಯಾಗಿನಲ್ಲಿ ಹೊಸ ಗುಂಡುಗಳಿದ್ದವು. ಇನ್ನೊಂದು ಟೆಸ್ಟ್ ಇತ್ತು. ಇನ್ನೊಂದು ಅವಕಾಶ ಕೊಡಿ ಎಂದು ಮಾರಣ್ಣ ಲ್ಯಾಬಿನವರ ಕಾಲು ಹಿಡಿದಿದ್ದನಂತೆ.

"ಉಜ್ಜಿ ಕೊಡ್ತೀನಿ," ಎಂದೆ. "ಜೋಡಿಸೋಕೂ ನಾನೇ ಬರ್ತೀನಿ. ನೀನು ಅದೇ ಜಾಗದಾಗೆ, ಅದೇ ಜನರ ಮುಂದೆ ಹೇಳ್ಬೇಕು. ಟೆಸ್ಟಿಗೆ ಮುಂಚೆ."

"ಮುಂಚೆನೇನಾ?"

"ಮುಂಚೆ. ಆಮೇಲೆ ಹೇಳಿದ್ರೆ ನಂಗೆ ಬ್ಯಾಡ."

ಅವಳು ಹತ್ತಿರ ಬಂದಳು. ಜೇಬಿನಲ್ಲಿದ್ದ ನನ್ನ ಕೈಯನ್ನು ಎಳೆದು ಹೊರಗೆ ತಂದು, ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು.

"ಹೇಳ್ತೀನಿ. ನಿನ್ನಾಣೆ."

* * *

ಬಯಲಿನಲ್ಲಿ ಬಿಸಿಲು ಚುರುಗುಡುತ್ತಿತ್ತು. ನಾನು ಗುಂಡುಗಳನ್ನು ಜೋಡಿಸಿ ಹಗ್ಗದ ಆಚೆ ಬಂದು ನಿಂತೆ. ಒಬ್ಬ ಗಾರ್ಡು ನನ್ನ ಕೈಯನ್ನೇ ಕಾಯುತ್ತಿದ್ದ, ಕಳ್ಳನನ್ನು ಕಾಯುವಂತೆ.

ಸುಧಾ ಶಿವಮೂರ್ತಿಯ ಹತ್ತಿರ ಹೋದಳು.

"ಸರ್, ಒಂದು ವಿಷಯ..."

"ಏನಮ್ಮಾ?"

ಅವಳು ನನ್ನತ್ತ ತಿರುಗಿದಳು. ಆ ಒಂದು ನೋಟದಲ್ಲಿ ಕ್ಷಮಾಪಣೆ ಇತ್ತು, ಬೇಡಿಕೆ ಇತ್ತು, ನನ್ನ ಮೇಲಿನ ಪ್ರೀತಿಯೂ ಇತ್ತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು.

"ಏನಿಲ್ಲ ಸರ್. ರೆಡಿ ಇದೆ."

ಸೈರನ್ ಕೂಗಿತು. ಚಾರ್ಜಿಂಗ್ ಎಂದು ಯಾರೋ ಅರಚಿದರು. ಇದೂ ಒಡೆದರೆ ನನ್ನ ಬಾಳು ಇಲ್ಲಿಗೆ ಮುಗಿಯಿತು, ಕರೂರಿನಲ್ಲಿ ಯಾವ ಶಾಪಿನವನೂ ನನ್ನನ್ನು ಒಳಗೆ ಬಿಡುವುದಿಲ್ಲ. ಅವಳು ತುಟಿ ಅಲ್ಲಾಡಿಸಿ ದೂರದಿಂದಲೇ ಹೇಳಿದಳು: ಆಮೇಲೆ.

ಚಟ್!

ಚಾಟಿ ಬೀಸಿದಂಥ ಒಂದೇ ಸದ್ದು. ಮೇಲಿದ್ದ ಡ್ರೋನ್ ಗರಬಡಿದಂತೆ ಅಲುಗಿ, ರೆಕ್ಕೆ ನಿಂತು, ಕಲ್ಲಿನಂತೆ ಬಿತ್ತು.

ಬಯಲೆಲ್ಲ ಕೇಕೆ. ಮಾರಣ್ಣ ಅಳುತ್ತ ನನ್ನನ್ನು ತಬ್ಬಿಕೊಂಡ. ಶಿವಮೂರ್ತಿ ಎಲ್ಲರ ಕೈ ಕುಲುಕುತ್ತಿದ್ದರು. ಆ ಗದ್ದಲದ ನಡುವೆ ಸುಧಾ ಗಟ್ಟಿಯಾಗಿ ಹೇಳಿದಳು.

"ಸರ್, ಹೋದ್ಸಲ ಬರಿಗೈಯಲ್ಲಿ ಮುಟ್ಟಿದ್ದು ನಾನು. ಬಕ್ಕೇಶ್ ಅಲ್ಲ."

ಶಿವಮೂರ್ತಿ ಹುಬ್ಬೇರಿಸಿ, ಹಾಗೇ ಜೋರಾಗಿ ನಕ್ಕರು.

"ಅಯ್ಯೋ ಸುಧಾ! ಅಷ್ಟಕ್ಕೆ ಯಾಕಮ್ಮಾ ಮುಖ ಸಣ್ಣ ಮಾಡ್ಕೊಂಡಿದ್ದೀಯ? ರಿಸರ್ಚ್ ಅಂದ್ಮೇಲೆ ಇವೆಲ್ಲಾ ಇದ್ದದ್ದೇ. ಫೈನ್ ಹಾಕ್ತೀನಿ. ಇವತ್ತು ಎಲ್ಲರಿಗೂ ಬೆಣ್ಣೆ ದೋಸೆ ನಿನ್ನ ಲೆಕ್ಕ!"

ಎಲ್ಲರೂ ನಕ್ಕರು. ಗಾರ್ಡೂ ನಕ್ಕ. ಸುಧಾ ಕೂಡ ನಕ್ಕಳು, ಹಗುರಾಗಿ, ಜ್ವರ ಬಿಟ್ಟವಳಂತೆ. ಶಿವಮೂರ್ತಿಯ ಕಣ್ಣು ನನ್ನ ಮೇಲೆ ಹಾದು ಮುಂದೆ ಹೋಯಿತು.

ಅವಳು ಹಗ್ಗ ದಾಟಿ ನನ್ನ ಹತ್ತಿರ ಓಡಿ ಬಂದಳು. ಕೆನ್ನೆ ಕೆಂಪಾಗಿತ್ತು. ಹಣೆಯ ಮೇಲೆ ಬೆವರಿಗೆ ಕೂದಲು ಅಂಟಿತ್ತು. ಅಷ್ಟು ಚೆಂದ ಅವಳು ಯಾವತ್ತೂ ಕಂಡಿರಲಿಲ್ಲ.

"ಹೇಳ್ದೆ ನೋಡು! ಯಾರೂ ಬೈಲೇ ಇಲ್ಲ ಬಕ್ಕೇಶ್. ಸುಮ್ಸುಮ್ನೆ ಹೆದರಿದ್ದೆ ನಾನು."

ನಾನು ಅವಳನ್ನೇ ನೋಡಿದೆ.

"ಇನ್ನೂ ಸಿಟ್ಟಾ? ಬಾ, ದೋಸೆಗೆ ನೀನೂ ಬಾ. ಎಲ್ಲಾರ ಮುಂದೆ ನಿನ್ನ ಪಕ್ಕನೇ ಕೂಡ್ತೀನಿ. ಬರ್ತೀಯಲ್ಲ?"

ನಾನು ಗೇಟಿನ ಕಡೆ ತಿರುಗಿದೆ.

"ಬಕ್ಕೇಶ್! ಯಾಕೋ? ಏನಂದೆ ನಾನು? ಒಂದ್ ಮಾತಾದ್ರೂ ಆಡೋ!"

ಅವಳ ಹೆಜ್ಜೆ ಸ್ವಲ್ಪ ದೂರ ಹಿಂದೆಯೇ ಬಂತು. ಆಮೇಲೆ ಯಾರೋ ಫೋಟೋಕ್ಕೆಂದು ಅವಳ ಹೆಸರು ಕರೆದರು. ಹೆಜ್ಜೆ ನಿಂತಿತು. ಹೊರಗೆ ಹರಿಹರದ ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ನಾನು ಧೂಳಿನೊಳಗೆ ನಡೆದೆ.